'ಸ್ವಲ್ಪ'ವನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ: 'ಸ್ಲೈಟ್ಲಿ' ಮತ್ತು ಅದರ ನೆರೆಹೊರೆಯ ಪದಗಳ ಸಮಗ್ರ ಮಾರ್ಗದರ್ಶಿ

'ಐ ಹ್ಯಾವ್ ಸ್ಲೈಟ್ಲಿ ಫೀವರ್.' 'ಪ್ಲೀಸ್ ವೇಟ್ ಸ್ಲೈಟ್ಲಿ.' 'ಆ್ಯಡ್ ಸ್ಲೈಟ್ಲಿ ವಾಟರ್.' 'ಐ ಆ್ಯಮ್ ಲಿಟಲ್ ಬ್ಯುಸಿ.' ರಜೆ ಕೇಳುವ ಮೇಲ್‌ನಲ್ಲಿ, ಅಡುಗೆಯ ವಿವರಣೆಯಲ್ಲಿ, ಕೆಲಸದ ಸಂದರ್ಶನದಲ್ಲಿ ಈ ನಾಲ್ಕು ಬಗೆಯ ತಪ್ಪು ಮತ್ತೆ ಮತ್ತೆ ಬರುತ್ತದೆ. ವ್ಯಾಕರಣ ಚೆನ್ನಾಗಿ ಓದಿಕೊಂಡವರೂ ಇಲ್ಲಿ ಎಡವುತ್ತಾರೆ. ನಾಲ್ಕಕ್ಕೂ ಬೇರು ಒಂದೇ: ಕನ್ನಡದ 'ಸ್ವಲ್ಪ'.

ಸ್ವಲ್ಪ ನೀರು, ಸ್ವಲ್ಪ ಜನ, ಸ್ವಲ್ಪ ಉದ್ದ, ಸ್ವಲ್ಪ ಹೊತ್ತು, ಸ್ವಲ್ಪ ಸರಿಸು, ಸ್ವಲ್ಪ ಇಲ್ಲಿ ಬನ್ನಿ. ಆರೂ ಕಡೆ ನಮಗೆ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಹಾಗಾಗದು, ಅದು ಯಾವ ಜಾತಿಯ ಪದದ ಪಕ್ಕ ಕೂರುತ್ತದೆ ಎಂಬುದರ ಮೇಲೆ ಪದವೇ ಬದಲಾಗುತ್ತದೆ. 'ಸ್ವಲ್ಪ ಅಂದರೆ ಸ್ಲೈಟ್ಲಿ' ಎಂದು ಬಾಯಿಪಾಠ ಮಾಡಿಕೊಂಡವರಿಗೆ ಈ ಆರರಲ್ಲಿ ಎರಡು ಕಡೆ, ಅಂದರೆ 'ಉದ್ದ' ಮತ್ತು 'ಸರಿಸು' ಇರುವಲ್ಲಿ ಮಾತ್ರ ಸರಿ ಬರುತ್ತದೆ. ಉಳಿದ ನಾಲ್ಕೂ ತಪ್ಪು.

ಹಾಗಾಗಿ ಇಲ್ಲಿ ಅರ್ಥದ ಪಟ್ಟಿಗಿಂತ ಕ್ರಮ ಮುಖ್ಯ. ಕೆಳಗಿನ ಹಂತಗಳನ್ನು ಇರುವ ಸರದಿಯಲ್ಲೇ ಮಾಡಿ. ನಾಮಪದದ ಪರೀಕ್ಷೆ ಮೊದಲು ಬರುವುದಕ್ಕೆ ಕಾರಣವಿದೆ: ಅದನ್ನು ದಾಟಿಸಿಬಿಟ್ಟರೆ ಮುಂದೆ ಎಷ್ಟು ಎಚ್ಚರ ವಹಿಸಿದರೂ ವಾಕ್ಯ ನೆಟ್ಟಗಾಗುವುದಿಲ್ಲ.

## ಕೈಯಲ್ಲಿ ಏನಿರಬೇಕು

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಮತ್ತು ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ನವರ ಕಲಿಕಾ ನಿಘಂಟುಗಳು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ತಿಳಿಯಲು ಒಳ್ಳೆಯದು, ಆದರೆ ಈ ಕೆಲಸಕ್ಕೆ ಅದೊಂದೇ ಸಾಲದು. ಅದರಲ್ಲಿ 'ಸ್ಲೈಟ್ಲಿ', 'ಎ ಲಿಟಲ್', 'ಸಮ್‌ವಾಟ್' ಮೂರಕ್ಕೂ 'ಸ್ವಲ್ಪ, ಕೊಂಚ, ತುಸು' ಎಂದೇ ಬರೆದಿರುತ್ತದೆ. ನಮ್ಮ ತೊಡಕು ಹುಟ್ಟುವುದೇ ಅಲ್ಲಿ.

ಕಲಿಕಾ ನಿಘಂಟಿನಲ್ಲಿ ನಾಮಪದದ ಪಕ್ಕ 'ಸಿ' ಅಥವಾ 'ಯು' ಎಂಬ ಅಕ್ಷರ, ಇಲ್ಲವೇ ಅದರ ಪೂರ್ಣ ರೂಪ 'ಕೌಂಟಬಲ್' ಅಥವಾ 'ಅನ್‌ಕೌಂಟಬಲ್' ಇರುತ್ತದೆ. 'ಸಿ' ಅಂದರೆ ಎಣಿಸಬಹುದಾದದ್ದು, 'ಯು' ಅಂದರೆ ಎಣಿಸಲಾಗದ್ದು. ಎರಡನೇ ಹಂತದಲ್ಲಿ ಈ ಅಕ್ಷರ ಬೇಕಾಗುತ್ತದೆ.

## ಹಂತ 1: 'ಸ್ವಲ್ಪ' ಯಾವ ಪದಕ್ಕೆ ಅಂಟಿದೆ ಎಂದು ಗುರುತಿಸಿ

ಹೇಳಬೇಕಾದ ಮಾತನ್ನು ಮೊದಲು ಕನ್ನಡದಲ್ಲೇ ಬರೆಯಿರಿ. 'ಸ್ವಲ್ಪ'ದಿಂದ ಒಂದು ಬಾಣ ಎಳೆದು, ಅದು ಯಾವ ಪದವನ್ನು ಕಡಿಮೆ ಮಾಡುತ್ತಿದೆಯೋ ಅಲ್ಲಿಗೆ ಮುಟ್ಟಿಸಿ.

'ಸಾರಿಗೆ ಸ್ವಲ್ಪ ಉಪ್ಪು ಹಾಕು': ಬಾಣ ಉಪ್ಪಿಗೆ, ಅದು ನಾಮಪದ. 'ಸಾರು ಸ್ವಲ್ಪ ಉಪ್ಪಾಗಿದೆ': ಬಾಣ ಉಪ್ಪಾಗಿರುವ ಗುಣಕ್ಕೆ. 'ಬೆಲೆ ಸ್ವಲ್ಪ ಇಳಿಯಿತು': ಬಾಣ ಇಳಿಯುವ ಕ್ರಿಯೆಗೆ. 'ಸ್ವಲ್ಪ ಈ ಫೈಲ್ ನೋಡ್ತೀರಾ?': ಇಲ್ಲಿ ಬಾಣಕ್ಕೆ ಎಲ್ಲೂ ಜಾಗ ಸಿಗುವುದಿಲ್ಲ. ಫೈಲೂ ಸ್ವಲ್ಪವಲ್ಲ, ನೋಡುವುದೂ ಸ್ವಲ್ಪವಲ್ಲ. ಅದು ಬರೀ ವಿನಯ.

ಎಚ್ಚರಿಕೆಯ ಗುರುತು: ನಾವು ಕನ್ನಡದಲ್ಲೇ 'ಸ್ಲೈಟಾಗಿ ಜ್ವರ ಇದೆ', 'ಲೈಟಾಗಿ ತಲೆನೋವು' ಎಂದು ಮಾತಾಡುತ್ತೇವೆ. ಈ 'ಆಗಿ' ಕಿವಿಗೆ ಇಂಗ್ಲಿಷಿನ 'ಲಿ' ಇದ್ದ ಹಾಗೆ ಕೇಳುತ್ತದೆ, ಹಾಗಾಗಿ ಬಾಯಿಗೆ 'ಸ್ಲೈಟ್ಲಿ ಫೀವರ್' ಬಂದುಬಿಡುತ್ತದೆ. 'ಸ್ಲೈಟಾಗಿ' ಎಂಬುದು ಈಗ ಕನ್ನಡದ ಪದ, ಕನ್ನಡದ ನಿಯಮದಂತೆ ನಡೆಯುತ್ತದೆ. ಅದನ್ನು ಇದ್ದ ಹಾಗೇ ಇಂಗ್ಲಿಷಿಗೆ ತಿರುಗಿಸಲು ಬರುವುದಿಲ್ಲ.

## ಹಂತ 2: ನಾಮಪದಕ್ಕೆ ಅಂಟಿದ್ದರೆ 'ಸ್ಲೈಟ್ಲಿ'ಯನ್ನು ಪಕ್ಕಕ್ಕಿಡಿ

'ಸ್ಲೈಟ್ಲಿ' ಕ್ರಿಯಾವಿಶೇಷಣ. ಅದು ನಾಮಪದವನ್ನು ನೇರವಾಗಿ ಮುಟ್ಟುವುದಿಲ್ಲ. ನಾಮಪದ ಎಂಥದ್ದು ಎಂಬುದನ್ನು ನೋಡಿ ಈ ಮೂರರಲ್ಲಿ ಒಂದನ್ನು ಆರಿಸಿ.

ಅಳೆಯುವ ವಸ್ತುವಾದರೆ, ಅಂದರೆ ನೀರು, ಉಪ್ಪು, ಹಣ, ಸಮಯ (ನಿಘಂಟಿನಲ್ಲಿ 'ಯು'), 'ಎ ಲಿಟಲ್' ಹಾಕಿ: 'ಎ ಲಿಟಲ್ ವಾಟರ್'. 'ಎ ಬಿಟ್ ಆಫ್ ಸಾಲ್ಟ್' ಕೂಡ ನಡೆಯುತ್ತದೆ, ಆದರೆ 'ಆಫ್' ಬಿಡುವ ಹಾಗಿಲ್ಲ. 'ಎ ಬಿಟ್ ಸಾಲ್ಟ್' ತಪ್ಪು, 'ಎ ಬಿಟ್ ಸಾಲ್ಟಿ' ಸರಿ. 'ಬಿಟ್' ಎಂದರೆ ಮೂಲದಲ್ಲಿ ತುಂಡು, ನಮ್ಮ 'ಚೂರು' ಇದ್ದ ಹಾಗೆ. ಯಾವುದರ ಚೂರು ಎಂದು ಹೇಳಲು ಆ 'ಆಫ್' ಬೇಕು ಎಂದು ನೆನಪಿಟ್ಟುಕೊಳ್ಳಿ.

ಎಣಿಸುವ ವಸ್ತುವಾದರೆ, ಅಂದರೆ ಜನ, ಪುಸ್ತಕ, ದಿನ, 'ಎ ಫ್ಯೂ' ಹಾಕಿ: ಸ್ವಲ್ಪ ಜನ ಬಂದಿದ್ದರು, 'ಎ ಫ್ಯೂ ಪೀಪಲ್ ಕೇಮ್'. 'ಎ ಲಿಟಲ್ ಪೀಪಲ್' ಎಂದು ಹೇಳಿದರೆ ಕೇಳಿದವರಿಗೆ ಗಾತ್ರದಲ್ಲಿ ಪುಟ್ಟ ಮನುಷ್ಯರ ಚಿತ್ರ ಕಣ್ಣ ಮುಂದೆ ಬರುತ್ತದೆ.

ತೀವ್ರತೆ ಇರುವ ಸಂಗತಿಯಾದರೆ, ಅಂದರೆ ತಲೆನೋವು, ಕೆಮ್ಮು, ವ್ಯತ್ಯಾಸ, ತಡ, ಏರಿಕೆ, 'ಸ್ಲೈಟ್' ಎಂಬ ಗುಣವಾಚಕ ಹಾಕಿ. ಅದಕ್ಕೆ ಮುಂಚೆ 'ಎ' ಇರಲಿ: 'ಎ ಸ್ಲೈಟ್ ಫೀವರ್', 'ಎ ಸ್ಲೈಟ್ ಹೆಡೇಕ್', 'ಎ ಸ್ಲೈಟ್ ಡಿಲೇ', 'ಎ ಸ್ಲೈಟ್ ಡಿಫರೆನ್ಸ್'. ರಜೆಯ ಮೇಲ್‌ಗಳಲ್ಲಿ ಬೇಕಾಗುವುದು ಹೆಚ್ಚಾಗಿ ಇದೇ ರೂಪ.

ಇಲ್ಲೇ ನಿಂತು 'ಎ' ಎಂಬ ಪುಟ್ಟ ಅಕ್ಷರವನ್ನು ಇನ್ನೊಮ್ಮೆ ನೋಡಬೇಕು. ಕನ್ನಡದಲ್ಲಿ ಅದಕ್ಕೆ ಸಮನಾದದ್ದು ಇಲ್ಲ, ಹಾಗಾಗಿ ನಮ್ಮ ಬಾಯಲ್ಲಿ ಅದು ಸುಲಭವಾಗಿ ಉದುರಿಹೋಗುತ್ತದೆ. ಉದುರಿದರೆ ಅರ್ಥವೇ ಮಗುಚುತ್ತದೆ. 'ಐ ಹ್ಯಾವ್ ಎ ಲಿಟಲ್ ಮನಿ' ಎಂದರೆ ಸ್ವಲ್ಪ ಹಣ ಇದೆ. 'ಐ ಹ್ಯಾವ್ ಲಿಟಲ್ ಮನಿ' ಎಂದರೆ ಹಣ ಅಷ್ಟಾಗಿ ಇಲ್ಲ. 'ಎ ಫ್ಯೂ ಫ್ರೆಂಡ್ಸ್' ಎಂದರೆ ಕೆಲವು ಗೆಳೆಯರಿದ್ದಾರೆ, 'ಫ್ಯೂ ಫ್ರೆಂಡ್ಸ್' ಎಂದರೆ ಗೆಳೆಯರೇ ಕಡಿಮೆ. ಸಂದರ್ಶನದಲ್ಲಿ ಒಬ್ಬರು 'ಐ ಹ್ಯಾವ್ ಲಿಟಲ್ ಎಕ್ಸ್‌ಪೀರಿಯೆನ್ಸ್ ಇನ್ ಟ್ಯಾಲಿ' ಎಂದರೆ, ಅವರ ಮನಸ್ಸಿನಲ್ಲಿರುವುದು 'ಸ್ವಲ್ಪ ಅನುಭವ ಇದೆ', ಎದುರಿನವರಿಗೆ ಕೇಳುವುದು 'ಅನುಭವ ಇಲ್ಲವೆನ್ನುವಷ್ಟು ಕಡಿಮೆ'. ಒಂದು ಅಕ್ಷರಕ್ಕೆ ಕೆಲಸ ಕೈತಪ್ಪಬಾರದು.

'ಐ ಆ್ಯಮ್ ಲಿಟಲ್ ಬ್ಯುಸಿ', 'ಲಿಟಲ್ ಬಿಟ್ ಟಯರ್ಡ್' ಎಂಬ ಮಾತುಗಳೂ ಇದೇ ಕಾಯಿಲೆಯವು. 'ಎ ಲಿಟಲ್ ಬ್ಯುಸಿ', 'ಎ ಲಿಟಲ್ ಬಿಟ್ ಟಯರ್ಡ್' ಎಂದು ತಿದ್ದಿಕೊಳ್ಳಿ.

## ಹಂತ 3: ಗುಣಕ್ಕೆ ಅಂಟಿದ್ದರೆ, ಅದು 'ಸ್ಲೈಟ್ಲಿ'ಯ ಮನೆ

ಗುಣವಾಚಕದ ಮುಂಚೆ 'ಸ್ಲೈಟ್ಲಿ' ನೆಮ್ಮದಿಯಾಗಿ ಕೂರುತ್ತದೆ: 'ಸ್ಲೈಟ್ಲಿ ಲೇಟ್', 'ಸ್ಲೈಟ್ಲಿ ಡಿಫರೆಂಟ್', 'ಸ್ಲೈಟ್ಲಿ ವೆಟ್'. ಆದರೂ ಇಲ್ಲಿ ನಾಲ್ಕು ಉಪಪರೀಕ್ಷೆಗಳಿವೆ. ಇಡೀ ವಿಷಯದ ತಿರುಳು ಇರುವುದು ಇಲ್ಲೇ, ಅವಸರ ಬೇಡ.

ಮೊದಲನೆಯದು, 'ಅದಕ್ಕಿಂತ' ಅಡಗಿದೆಯೇ? ಕನ್ನಡದಲ್ಲಿ 'ಬಿಗ್' ಮತ್ತು 'ಬಿಗ್ಗರ್'ಗೆ ಬೇರೆ ಬೇರೆ ರೂಪವಿಲ್ಲ, ಎರಡಕ್ಕೂ 'ದೊಡ್ಡದು' ಎನ್ನುತ್ತೇವೆ. ದರ್ಜಿಯ ಅಂಗಡಿಯ ಎರಡು ಮಾತು ನೋಡಿ. ಅಳತೆ ಕೊಡುವಾಗ 'ತೋಳು ಸ್ವಲ್ಪ ಉದ್ದ ಇರಲಿ' ಎನ್ನುತ್ತೀರಿ. ಅಂಗಿ ಕೈಗೆ ಬಂದ ಮೇಲೆ 'ತೋಳು ಸ್ವಲ್ಪ ಉದ್ದ ಆಯ್ತು' ಎನ್ನುತ್ತೀರಿ. ಕನ್ನಡದಲ್ಲಿ ಎರಡೂ ಕಡೆ 'ಸ್ವಲ್ಪ ಉದ್ದ'. ಇಂಗ್ಲಿಷಿನಲ್ಲಿ ಮೊದಲನೆಯದು 'ಮೇಕ್ ದ ಸ್ಲೀವ್ಸ್ ಸ್ಲೈಟ್ಲಿ ಲಾಂಗರ್', ಎರಡನೆಯದು 'ದ ಸ್ಲೀವ್ಸ್ ಆರ್ ಸ್ಲೈಟ್ಲಿ ಟೂ ಲಾಂಗ್'. ಈಗಿರುವುದಕ್ಕಿಂತ ಎಂಬ ಅರ್ಥ ಒಳಗಿದ್ದರೆ 'ಲಾಂಗರ್' ಬೇಕು. ಬೇಕಾದದ್ದಕ್ಕಿಂತ ಮೀರಿದೆ ಎಂಬ ದೂರಿದ್ದರೆ 'ಟೂ' ಬೇಕು. ಬಣ್ಣ ಆರಿಸುವಾಗ, ಕುರ್ಚಿಯ ಎತ್ತರ ಹೇಳುವಾಗ, ಬೆಲೆ ಚೌಕಾಸಿ ಮಾಡುವಾಗ ಈ ಪ್ರಶ್ನೆಯನ್ನು ಪ್ರತಿ ಸಲ ಕೇಳಿಕೊಳ್ಳಿ.

ತರತಮ ರೂಪಕ್ಕೆ ಮತ್ತೆ 'ಮೋರ್' ಸೇರಿಸಬೇಡಿ. 'ಸ್ಲೈಟ್ಲಿ ಮೋರ್ ಬೆಟರ್', 'ಸ್ಲೈಟ್ಲಿ ಮೋರ್ ಕಾಸ್ಟ್ಲಿಯರ್' ಎರಡೂ ತಪ್ಪು. 'ಸ್ಲೈಟ್ಲಿ ಬೆಟರ್', 'ಸ್ಲೈಟ್ಲಿ ಮೋರ್ ಎಕ್ಸ್‌ಪೆನ್ಸಿವ್' ಸಾಕು. 'ಬೆಸ್ಟ್', 'ಬಿಗ್ಗೆಸ್ಟ್' ಮುಂತಾದ ತುತ್ತತುದಿಯ ರೂಪಗಳಿಗೆ 'ಸ್ಲೈಟ್ಲಿ' ಹಾಕಲೇಬೇಡಿ.

ಎರಡನೆಯದು, ಹೊಗಳಿಕೆಯೋ ಕೊರತೆಯೋ? 'ಸ್ಲೈಟ್ಲಿ' ಕೊರತೆಯ ಅಥವಾ ತಟಸ್ಥ ಗುಣಗಳ ಜೊತೆ ಹೊಂದುತ್ತದೆ: 'ಸ್ಲೈಟ್ಲಿ ಡ್ಯಾಮೇಜ್ಡ್', 'ಸ್ಲೈಟ್ಲಿ ನರ್ವಸ್', 'ಸ್ಲೈಟ್ಲಿ ಎಕ್ಸ್‌ಪೆನ್ಸಿವ್'. 'ಸ್ಲೈಟ್ಲಿ ಗುಡ್', 'ಸ್ಲೈಟ್ಲಿ ಬ್ಯೂಟಿಫುಲ್' ಎಂದು ಯಾರೂ ಹೇಳುವುದಿಲ್ಲ. ಊಟ ತಕ್ಕಮಟ್ಟಿಗೆ ಚೆನ್ನಾಗಿತ್ತು ಎನ್ನಲು 'ಫೇರ್ಲಿ ಗುಡ್' ಬಳಸಿ. ಹೊಗಳಿಕೆಯ ಪದ ತರತಮ ರೂಪಕ್ಕೆ ಬಂದ ಕೂಡಲೇ ಅಡ್ಡಿ ಇಲ್ಲ: 'ಸ್ಲೈಟ್ಲಿ ಬೆಟರ್' ದಿನನಿತ್ಯದ ಮಾತು. ಹಣ್ಣಿನಂಗಡಿಯಲ್ಲಿ 'ಸ್ವಲ್ಪ ಚೆನ್ನಾಗಿರೋದು ಕೊಡಿ' ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದೂ 'ಇದಕ್ಕಿಂತ ಚೆನ್ನಾಗಿರೋದು' ಎಂದೇ.

ಮೂರನೆಯದು, ಆ ಗುಣಕ್ಕೆ ಮೆಟ್ಟಿಲುಗಳಿವೆಯೇ? ಒದ್ದೆ ಎಂಬುದಕ್ಕೆ ಸ್ವಲ್ಪ ಒದ್ದೆ, ತೀರಾ ಒದ್ದೆ ಎಂಬ ಹಂತಗಳಿವೆ. 'ಎಕ್ಸಲೆಂಟ್', 'ಪರ್ಫೆಕ್ಟ್', 'ಎನಾರ್ಮಸ್' ಆಗಲೇ ತುದಿಯಲ್ಲಿ ನಿಂತ ಪದಗಳು, ಅವುಗಳನ್ನು ಸ್ವಲ್ಪ ಮಾಡಲಾಗದು. 'ಸಿಮಿಲರ್' ಜೊತೆಗೂ 'ಸ್ಲೈಟ್ಲಿ' ಅಷ್ಟಾಗಿ ಒಗ್ಗುವುದಿಲ್ಲ, ಅಲ್ಲಿ 'ಸಮ್‌ವಾಟ್ ಸಿಮಿಲರ್' ಎನ್ನಿ. ಅದರ ಎದುರು ಪದ 'ಡಿಫರೆಂಟ್' ಜೊತೆಗೆ ಮಾತ್ರ 'ಸ್ಲೈಟ್ಲಿ' ತುಂಬ ಚೆನ್ನಾಗಿ ಕೂರುತ್ತದೆ.

ನಾಲ್ಕನೆಯದು 'ಎ'ಯ ಜಾಗ. ಗುಣವಾಚಕದ ಬೆನ್ನಿಗೆ ನಾಮಪದವೂ ಇದ್ದರೆ 'ಎ' ಎಲ್ಲಕ್ಕಿಂತ ಮುಂದೆ ಬರಬೇಕು: 'ಎ ಸ್ಲೈಟ್ಲಿ ಬಿಗ್ಗರ್ ಹೌಸ್'. 'ಸ್ಲೈಟ್ಲಿ ಎ ಬಿಗ್ಗರ್ ಹೌಸ್' ಎಂಬುದು ನಮ್ಮವರ ಬರವಣಿಗೆಯಲ್ಲಿ ಆಗಾಗ ಕಾಣುವ ತಪ್ಪು. ಈ ಜಾಗದಲ್ಲಿ 'ಎ ಲಿಟಲ್' ಹಾಕುವುದೂ ಅಪಾಯ. 'ಎ ಲಿಟಲ್ ಓಲ್ಡ್ ಮ್ಯಾನ್' ಎಂದರೆ ಸ್ವಲ್ಪ ವಯಸ್ಸಾದವರು ಎಂದಾಗುವುದಿಲ್ಲ, ಪುಟ್ಟ ಆಕಾರದ ಮುದುಕ ಎಂದಾಗುತ್ತದೆ. ನಾಮಪದದ ಮುಂಚೆ 'ಸ್ಲೈಟ್ಲಿ'ಯೇ ಕ್ಷೇಮ.

## ಹಂತ 4: ಕ್ರಿಯೆಗೆ ಅಂಟಿದ್ದರೆ, ಬದಲಾವಣೆಯೋ ಚಟುವಟಿಕೆಯೋ ನೋಡಿ

ಎಲ್ಲ ಕ್ರಿಯಾಪದಕ್ಕೂ 'ಸ್ಲೈಟ್ಲಿ' ಹೊಂದುವುದಿಲ್ಲ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸರಿಯುವ ಕ್ರಿಯೆಗಳು, ಅಂದರೆ ಏರು, ಇಳಿ, ಬಾಗು, ತಿರುಗು, ಬದಲಾಗು, ಸುಧಾರಿಸು, ತೆರೆ, ಇವುಗಳ ಜೊತೆ ಸರಿಯಾಗುತ್ತದೆ. ತಿನ್ನು, ನಿದ್ದೆ ಮಾಡು, ಕಾಯು, ಓದು ಎಂಬ ಚಟುವಟಿಕೆಗಳಿಗೆ ಬೇಕಾಗುವುದು 'ಎ ಲಿಟಲ್' ಅಥವಾ 'ಎ ಬಿಟ್'.

'ಐ ಸ್ಲೆಪ್ಟ್ ಸ್ಲೈಟ್ಲಿ', 'ಐ ಏಟ್ ಸ್ಲೈಟ್ಲಿ' ತಪ್ಪು. 'ಐ ಸ್ಲೆಪ್ಟ್ ಎ ಲಿಟಲ್', 'ಐ ಏಟ್ ಎ ಲಿಟಲ್' ಸರಿ. ಸ್ವಲ್ಪ ಹೊತ್ತು ಕಾಯಿರಿ ಎನ್ನಲು 'ವೇಟ್ ಎ ಬಿಟ್' ಅಥವಾ 'ವೇಟ್ ಎ ಲಿಟಲ್ ವೈಲ್'. ಪರೀಕ್ಷೆ ಸುಲಭ: 'ಎಷ್ಟು ದೂರ ಸರಿಯಿತು?' ಎಂದು ಕೇಳಿ ನೋಡಿ. ಪ್ರಶ್ನೆಗೆ ಅರ್ಥವಿದ್ದರೆ 'ಸ್ಲೈಟ್ಲಿ'. 'ಎಷ್ಟು ಹೊತ್ತು, ಎಷ್ಟು ಪ್ರಮಾಣ?' ಎಂಬ ಪ್ರಶ್ನೆ ಹೊಂದಿದರೆ 'ಎ ಲಿಟಲ್'.

ಜಾಗದ ವಿಷಯಕ್ಕೆ ಬಂದರೆ, ಕರ್ಮಪದ ಇಲ್ಲದಾಗ ಕ್ರಿಯಾಪದದ ನಂತರ: 'ಪ್ರೈಸಸ್ ಫೆಲ್ ಸ್ಲೈಟ್ಲಿ'. ಕರ್ಮಪದ ಇದ್ದರೆ ಅದರ ನಂತರ: 'ಓಪನ್ ದ ಡೋರ್ ಸ್ಲೈಟ್ಲಿ'. ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ತೂರಿಸಬೇಡಿ, 'ಓಪನ್ ಸ್ಲೈಟ್ಲಿ ದ ಡೋರ್' ಕಿವಿಗೆ ಕಲ್ಲು ಸಿಕ್ಕಂತೆ ಕೇಳುತ್ತದೆ. ಕರ್ಮಣಿ ಪ್ರಯೋಗದಲ್ಲಿ ನಡುವೆಯೇ ಅದರ ಜಾಗ: 'ಟೂ ಪ್ಯಾಸೆಂಜರ್ಸ್ ವರ್ ಸ್ಲೈಟ್ಲಿ ಇಂಜರ್ಡ್'. ನಮ್ಮ ಪತ್ರಿಕೆಗಳ 'ಸಣ್ಣಪುಟ್ಟ ಗಾಯ' ಇಂಗ್ಲಿಷಿನಲ್ಲಿ ಹೀಗೆ ಬರುತ್ತದೆ.

ದಿಕ್ಕು ಮತ್ತು ಸ್ಥಾನ ಹೇಳುವಾಗಲೂ 'ಸ್ಲೈಟ್ಲಿ' ಒಳ್ಳೆಯ ಸೇವಕ: 'ಸ್ಲೈಟ್ಲಿ ಟು ದ ಲೆಫ್ಟ್', 'ಸ್ಲೈಟ್ಲಿ ಅಬವ್ ದ ಲೈನ್', 'ಸ್ಲೈಟ್ಲಿ ಬಿಹೈಂಡ್ ದ ಹೌಸ್'.

## ಹಂತ 5: ವಿನಯದ 'ಸ್ವಲ್ಪ'ವನ್ನು ಅನುವಾದಿಸಬೇಡಿ

'ಸ್ವಲ್ಪ ಇಲ್ಲಿ ಬನ್ನಿ', 'ಸ್ವಲ್ಪ ಪೆನ್ ಕೊಡಿ', 'ಸ್ವಲ್ಪ ಕೇಳಿಸ್ಕೊಳ್ಳಿ' ಎನ್ನುವಾಗ ನಾವು ಅಳತೆ ಹೇಳುತ್ತಿಲ್ಲ. ಮಾತಿನ ಮೊನೆಯನ್ನು ಮೃದು ಮಾಡುತ್ತಿದ್ದೇವೆ. 'ಕಮ್ ಹಿಯರ್ ಸ್ಲೈಟ್ಲಿ' ಎಂದರೆ ಕೇಳಿದವರು ಅರ್ಧ ಹೆಜ್ಜೆ ಇಟ್ಟು ನಿಲ್ಲಬೇಕೋ ಏನೋ ಎಂದು ಗೊಂದಲಪಡುತ್ತಾರೆ. 'ಗಿವ್ ಎ ಲಿಟಲ್ ಪೆನ್' ಎಂದರೆ ಪುಟ್ಟ ಪೆನ್ನು ಕೊಡಿ ಎಂದಾಗುತ್ತದೆ.

ಇಂಗ್ಲಿಷ್ ಈ ವಿನಯವನ್ನು ಪ್ರಶ್ನೆಯ ರೂಪದಲ್ಲಿ ಇಡುತ್ತದೆ: 'ಕುಡ್ ಯು ಕಮ್ ಹಿಯರ್ ಫಾರ್ ಎ ಮೊಮೆಂಟ್?', 'ಕುಡ್ ಐ ಬಾರೋ ಯುವರ್ ಪೆನ್?'. 'ಸ್ವಲ್ಪ' ಎಂಬ ಪದವೇ ಕಾಣೆಯಾಗುತ್ತದೆ, ಅದರ ಕೆಲಸವನ್ನು 'ಕುಡ್' ಮಾಡುತ್ತದೆ.

ಬಸ್ಸಿನ 'ಸ್ವಲ್ಪ ಅಡ್ಜಸ್ಟ್ ಮಾಡಿ'ಯನ್ನು ಬೇರೆಯಾಗಿ ಹೇಳಬೇಕು. ಇದು ನಮ್ಮಲ್ಲಿ ಎಷ್ಟು ಸಹಜವೆಂದರೆ, ಅದರಲ್ಲಿರುವ 'ಅಡ್ಜಸ್ಟ್' ಇಂಗ್ಲಿಷ್ ಪದವಾದ್ದರಿಂದ ಎಲ್ಲರಿಗೂ ಅರ್ಥವಾಗುತ್ತದೆ ಎಂದುಕೊಳ್ಳುತ್ತೇವೆ. ಕೂರಲು ಜಾಗ ಬಿಡಿ ಎಂಬ ಅರ್ಥ ಭಾರತದ ಹೊರಗಿನವರಿಗೆ ಆ ಪದದಿಂದ ಹೊಳೆಯುವುದಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಅಲ್ಲಿ 'ಕುಡ್ ಯು ಮೂವ್ ಓವರ್ ಎ ಲಿಟಲ್, ಪ್ಲೀಸ್?' ಎನ್ನುವುದೇ ಸರಿ.

ಜೋಡಿಪದ 'ಸ್ವಲ್ಪ ಸ್ವಲ್ಪ'ವೂ ಹೀಗೇ. 'ಸ್ಲೈಟ್ಲಿ ಸ್ಲೈಟ್ಲಿ' ಎಂಬುದೇ ಇಲ್ಲ. ಹಿಟ್ಟಿಗೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಎನ್ನಲು 'ಎ ಲಿಟಲ್ ಅಟ್ ಎ ಟೈಮ್'. ಸ್ವಲ್ಪ ಸ್ವಲ್ಪ ಕನ್ನಡ ಬರುತ್ತೆ ಎನ್ನಲು 'ಐ ನೋ ಎ ಲಿಟಲ್ ಕನ್ನಡ'.

## ಹಂತ 6: 'ಇಲ್ಲ' ಸೇರಿದರೆ ಬೇರೆ ದಾರಿ

'ಸ್ವಲ್ಪವೂ ಗೊತ್ತಿಲ್ಲ' ಎನ್ನಲು 'ನಾಟ್ ಸ್ಲೈಟ್ಲಿ' ಎಂದು ಕಟ್ಟಬೇಡಿ. 'ನಾಟ್ ಅಟ್ ಆಲ್', 'ನಾಟ್ ಇನ್ ದ ಸ್ಲೈಟೆಸ್ಟ್', 'ಐ ಡೋಂಟ್ ಹ್ಯಾವ್ ದ ಸ್ಲೈಟೆಸ್ಟ್ ಐಡಿಯಾ' ಇವು ಸಿದ್ಧ ನುಡಿಗಟ್ಟುಗಳು, ಇದ್ದ ಹಾಗೇ ಕಲಿಯಿರಿ.

ಇಲ್ಲೊಂದು ಗುಂಡಿ ಇದೆ. 'ನಾಟ್ ಎ ಬಿಟ್' ಎಂದರೆ ಚೂರೂ ಇಲ್ಲ. 'ನಾಟ್ ಎ ಲಿಟಲ್' ಎಂದರೆ ಅದರ ತದ್ವಿರುದ್ಧ: ಸ್ವಲ್ಪವೇನಲ್ಲ, ಬಹಳ. 'ಹಿ ವಾಸ್ ನಾಟ್ ಎ ಲಿಟಲ್ ಸರ್‌ಪ್ರೈಸ್ಡ್' ಎಂಬ ವಾಕ್ಯ ಹಳೆಯ ಕಥೆಗಳಲ್ಲಿ ಸಿಗುತ್ತದೆ, ಅವನಿಗೆ ಸಾಕಷ್ಟು ಆಶ್ಚರ್ಯವಾಗಿದೆ ಎಂದೇ ಓದಬೇಕು. ನೀವು ಬರೆಯುವಾಗ ಇದನ್ನು ಬಳಸದಿರುವುದು ಮೇಲು.

'ಹಾರ್ಡ್ಲಿ' ನೋಡಲು ಹೌದು ಎನ್ನುವ ಪದದಂತಿದ್ದರೂ ಒಳಗೆ 'ಇಲ್ಲ' ಇದೆ. 'ಐ ನೋ ಹಿಮ್ ಸ್ಲೈಟ್ಲಿ' ಎಂದರೆ ಸ್ವಲ್ಪ ಪರಿಚಯ ಇದೆ, 'ಐ ಹಾರ್ಡ್ಲಿ ನೋ ಹಿಮ್' ಎಂದರೆ ಪರಿಚಯ ಇಲ್ಲವೆಂದೇ ಹೇಳಬೇಕು. ಒಳಗೇ 'ಇಲ್ಲ' ಇರುವುದರಿಂದ ಮತ್ತೆ 'ನಾಟ್' ಸೇರಿಸಬಾರದು: 'ಐ ಕ್ಯಾನ್ ಹಾರ್ಡ್ಲಿ ಹಿಯರ್' ಸರಿ, 'ಐ ಕಾಂಟ್ ಹಾರ್ಡ್ಲಿ ಹಿಯರ್' ಶಿಷ್ಟ ಇಂಗ್ಲಿಷಿನಲ್ಲಿ ತಪ್ಪು. ಇನ್ನು ಬಯೋಡೇಟಾದ ಅಪಘಾತ: ಕಷ್ಟಪಟ್ಟು ದುಡಿಯುತ್ತೇನೆ ಎನ್ನಲು 'ಐ ವರ್ಕ್ ಹಾರ್ಡ್ಲಿ' ಎಂದು ಬರೆಯುವವರಿದ್ದಾರೆ. 'ಐ ವರ್ಕ್ ಹಾರ್ಡ್' ಎಂದರೆ ದುಡಿಯುತ್ತೇನೆ, 'ಐ ಹಾರ್ಡ್ಲಿ ವರ್ಕ್' ಎಂದರೆ ಕೆಲಸ ಮಾಡುವುದೇ ಇಲ್ಲವೆನ್ನುವಷ್ಟು ಕಡಿಮೆ. 'ಲಿ' ಸೇರಿದ್ದಕ್ಕೆ ಅರ್ಥ ಪೂರ್ತಿ ಉಲ್ಟಾ.

'ಬೇರ್ಲಿ' ಎಂದರೆ ಅಂಚಿನಲ್ಲಿ ದಾಟಿದ್ದು. ಪಾಸಾಗಲು 35 ಬೇಕಿದ್ದು 35ನ್ನೇ ಪಡೆದವರು 'ಬೇರ್ಲಿ ಪಾಸ್ಡ್'. ಅವರು ಪಾಸಾಗಿದ್ದಾರೆ, ಅದನ್ನು ಮರೆಯಬೇಡಿ.

## ಹಂತ 7: ಸಂಖ್ಯೆ ಮತ್ತು ನಕ್ಷೆ ಇದ್ದರೆ ಅಳತೆ ನೋಡಿ ಬಳಸಿ

ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ಮೊದಲ ಬರವಣಿಗೆಯಲ್ಲಿ ನಕ್ಷೆ ಅಥವಾ ಕೋಷ್ಟಕವನ್ನು ಕನಿಷ್ಠ 150 ಪದಗಳಲ್ಲಿ ವಿವರಿಸಬೇಕಾಗುತ್ತದೆ. ಅಲ್ಲಿ 'ಸ್ಲೈಟ್ಲಿ' ಬಹಳ ಬೇಕು, ತಪ್ಪುವುದೂ ಅಲ್ಲೇ ಹೆಚ್ಚು.

ಎರಡು ರೂಪಗಳನ್ನು ಜೋಡಿಯಾಗಿ ಕಲಿಯಿರಿ: ಕ್ರಿಯಾಪದ ಮತ್ತು 'ಸ್ಲೈಟ್ಲಿ', ಅಥವಾ 'ಸ್ಲೈಟ್' ಮತ್ತು ನಾಮಪದ. 'ಸೇಲ್ಸ್ ರೋಸ್ ಸ್ಲೈಟ್ಲಿ' ಒಂದು, 'ದೇರ್ ವಾಸ್ ಎ ಸ್ಲೈಟ್ ರೈಸ್ ಇನ್ ಸೇಲ್ಸ್' ಇನ್ನೊಂದು. 'ಎ ಸ್ಲೈಟ್ಲಿ ರೈಸ್' ಎಂದು ಎರಡನ್ನೂ ಕಲಸಬೇಡಿ.

'ಸ್ಲೈಟ್ಲಿ' ಎಷ್ಟು ಎಂಬುದಕ್ಕೆ ಉತ್ತರ, 'ಗ್ರಾಜುಯಲಿ' ಹೇಗೆ ಎಂಬುದಕ್ಕೆ ಉತ್ತರ. 'ಸ್ವಲ್ಪ ಏರಿತು' ಮತ್ತು 'ಸ್ವಲ್ಪ ಸ್ವಲ್ಪವಾಗಿ ಏರಿತು' ಎಂಬುದರ ನಡುವೆ ಇರುವ ವ್ಯತ್ಯಾಸವೇ ಅದು. 10 ವರ್ಷದಲ್ಲಿ 20ರಿಂದ 80ಕ್ಕೆ ನಿಧಾನವಾಗಿ ಏರಿದ ಗೆರೆಗೆ 'ಗ್ರಾಜುಯಲಿ' ಸರಿ, 'ಸ್ಲೈಟ್ಲಿ' ಶುದ್ಧ ತಪ್ಪು. 52ರಿಂದ 54ಕ್ಕೆ ಒಂದೇ ತಿಂಗಳಲ್ಲಿ ಹೋದದ್ದು 'ಸ್ಲೈಟ್ಲಿ'. ಅಂತರ ಚಿಕ್ಕದಾಗಿ ಕಂಡರೂ ಮೂಲ ಸಂಖ್ಯೆ ನೋಡಿ: 1ರಿಂದ 2ಕ್ಕೆ ಏರಿದ್ದು ಒಂದೇ ಅಂಕಿಯ ಅಂತರ, ಆದರೆ ಮೊತ್ತ ಎರಡರಷ್ಟಾಗಿದೆ. ಅಲ್ಲಿ 'ಡಬಲ್ಡ್' ಎನ್ನಬೇಕು.

ಅಂದಾಜಿನ ಸಂಖ್ಯೆಗೆ 'ಸ್ಲೈಟ್ಲಿ ಓವರ್', 'ಸ್ಲೈಟ್ಲಿ ಅಂಡರ್', 'ಸ್ಲೈಟ್ಲಿ ಮೋರ್ ದ್ಯಾನ್' ಬಳಸಿ. ಜೋಗ ಜಲಪಾತದ ಎತ್ತರ 253 ಮೀಟರ್, ಅದನ್ನು 'ಸ್ಲೈಟ್ಲಿ ಓವರ್ 250 ಮೀಟರ್ಸ್' ಎನ್ನಬಹುದು. 'ಸ್ಲೈಟ್ಲಿ ಅಬೌಟ್ 250' ಎಂಬುದಕ್ಕೆ ಅರ್ಥವಿಲ್ಲ.

## ಹಂತ 8: ಧಾಟಿ ಹೊಂದಿಸಿ

ವ್ಯಾಕರಣ ಸರಿಯಾದ ಮೇಲೆ ಉಳಿಯುವುದು ಸಂದರ್ಭ. 'ಎ ಬಿಟ್' ಮನೆಮಾತು, 'ಒಂಚೂರು' ಇದ್ದ ಹಾಗೆ. ಗೆಳೆಯರಿಗೆ ಸರಿ, ವರದಿಗೆ ಬೇಡ. 'ಎ ಲಿಟಲ್' ಎಲ್ಲೆಡೆ ನಡೆಯುತ್ತದೆ. 'ಸ್ಲೈಟ್ಲಿ' ಅಳೆದು ಹೇಳಿದಂತೆ ಕೇಳುತ್ತದೆ, ವರದಿ, ಸೂಚನೆ, ವೈದ್ಯರ ಚೀಟಿಗೆ ಒಪ್ಪುತ್ತದೆ. 'ಸಮ್‌ವಾಟ್' ನಮ್ಮ 'ಕೊಂಚಮಟ್ಟಿಗೆ'ಯಂತೆ ಗಂಭೀರ, ಪ್ರಮಾಣವೂ 'ಸ್ಲೈಟ್ಲಿ'ಗಿಂತ ತುಸು ಹೆಚ್ಚು.

ಇನ್ನೂ ಕಡಿಮೆ ಎನ್ನಲು 'ವೆರಿ ಸ್ಲೈಟ್ಲಿ' ಅಥವಾ 'ಓನ್ಲಿ ಸ್ಲೈಟ್ಲಿ' ಎನ್ನಬಹುದು. 'ಸ್ಲೈಟ್ಲಿ ವೆರಿ' ಎಂದು ತಿರುಗಿಸಲು ಬರುವುದಿಲ್ಲ.

ಬೇರೆಯವರು ಬಳಸಿದ್ದನ್ನು ಓದುವಾಗಲೂ ಎಚ್ಚರ ಬೇಕು. ಬ್ರಿಟಿಷ್ ಇಂಗ್ಲಿಷಿನಲ್ಲಿ ಅಸಮಾಧಾನವನ್ನು ಕುಗ್ಗಿಸಿ ಹೇಳುವ ರೂಢಿ ಇದೆ. ಅಲ್ಲಿನ ಮೇಲಧಿಕಾರಿ 'ಐ ಆ್ಯಮ್ ಸ್ಲೈಟ್ಲಿ ಕನ್ಸರ್ನ್ಡ್ ಅಬೌಟ್ ದ ಡೆಡ್‌ಲೈನ್' ಎಂದು ಬರೆದರೆ ನಿಜವಾಗಿಯೂ ಚಿಂತೆಯಾಗಿದೆ ಎಂದು ತಿಳಿದು ಅಂದೇ ಉತ್ತರ ಕೊಡಿ. 'ಸ್ವಲ್ಪ ತಾನೇ' ಎಂದು ಬಿಟ್ಟವರು ಆಮೇಲೆ ಪಾಡುಪಟ್ಟಿದ್ದಾರೆ.

## ಹಂತ 9: ಕಾಗುಣಿತ, ಉಚ್ಚಾರ ಮತ್ತು ಹೋಲುವ ಪದಗಳು

ಎಸ್-ಎಲ್-ಐ-ಜಿ-ಎಚ್-ಟಿ-ಎಲ್-ವೈ, ಒಟ್ಟು 8 ಅಕ್ಷರ. 'ಟಿ' ನಂತರದ 'ಎಲ್' ಬಿಟ್ಟುಹೋಗುವುದು, ಅಥವಾ ನಡುವೆ ಒಂದು 'ಇ' ನುಸುಳುವುದು ಸಾಮಾನ್ಯ ತಪ್ಪು. 'ಜಿ-ಎಚ್' ಮೌನ, 'ನೈಟ್', 'ಲೈಟ್' ಪದಗಳಲ್ಲಿದ್ದಂತೆ. ಉಚ್ಚಾರದಲ್ಲಿ ಎರಡೇ ಬಡಿತ, ಒತ್ತು ಮೊದಲನೆಯದಕ್ಕೆ. ಪದದ ನಡುವೆ 'ಉ' ಸೇರಿಸಿ 'ಸ್ಲೈಟುಲಿ' ಎಂದು ಮೂರು ಬಡಿತ ಮಾಡುವುದು ಕನ್ನಡ ನಾಲಗೆಯ ಅಭ್ಯಾಸ. 'ಟ್' ಹೇಳುವಾಗ ನಾಲಗೆಯ ತುದಿಯನ್ನು ಬಿಡದೆ ಅಲ್ಲಿಂದಲೇ 'ಲಿ'ಗೆ ಜಾರಿಸಿ.

'ಲೈಟ್ಲಿ' ಜೊತೆ ಗೊಂದಲ ಬೇಡ. ಕನ್ನಡದ 'ಲೈಟಾಗಿ' ಎರಡಕ್ಕೂ ಬಳಕೆಯಾಗುವುದರಿಂದ ಈ ಗೊಂದಲ. ಭಾರ, ಒತ್ತಡ, ದಪ್ಪ, ಬಿರುಸು ಕಡಿಮೆ ಇದ್ದರೆ 'ಲೈಟ್ಲಿ': ಈರುಳ್ಳಿಯನ್ನು ಹದವಾಗಿ ಬಾಡಿಸುವುದು 'ಲೈಟ್ಲಿ ಫ್ರೈಡ್', ಹನಿ ಮಳೆ 'ರೇನಿಂಗ್ ಲೈಟ್ಲಿ'. ಒಂದು ಸ್ಥಿತಿಗೆ ಅಲ್ಪ ಮಟ್ಟಿಗೆ ತಲುಪಿದ್ದರೆ 'ಸ್ಲೈಟ್ಲಿ': 'ಸ್ಲೈಟ್ಲಿ ಬರ್ನ್ಟ್' ಎಂದರೆ ತುಸು ಸೀದಿದೆ.

'ಸ್ಲೈಟ್' ಕ್ರಿಯಾಪದವಾದರೆ ಕಡೆಗಣಿಸಿ ಅವಮಾನಿಸು ಎಂಬ ಅರ್ಥ. 'ಶಿ ಫೆಲ್ಟ್ ಸ್ಲೈಟೆಡ್' ಎಂದರೆ ಆಕೆಗೆ ಅವಮಾನವಾಯಿತು. 'ಸ್ಲೈಟ್ಲಿ ಬಿಲ್ಟ್' ಎಂದರೆ ಸಣಕಲು ಮೈಕಟ್ಟಿನವರು. ಇನ್ನು ಜಾದೂಗಾರರ 'ಸ್ಲೈಟ್ ಆಫ್ ಹ್ಯಾಂಡ್' ಕೇಳಲು ಒಂದೇ ಆದರೂ 'ಎಲ್' ಆದ ಮೇಲೆ 'ಇ' ಇರುವ ಬೇರೆಯೇ ಪದ, ಅರ್ಥ ಕೈಚಳಕ.

## ಕೈಯಾರೆ ಮಾಡಿ ನೋಡಿ

ಉತ್ತರ ಮುಚ್ಚಿಟ್ಟು, ಪ್ರತಿ ವಾಕ್ಯಕ್ಕೂ ಮೊದಲ ಹಂತದ ಬಾಣ ಎಳೆದು, ಒಂದು ಬಣ್ಣದಲ್ಲಿ ಬರೆಯಿರಿ. ಇನ್ನೊಂದು ಬಣ್ಣದಲ್ಲಿ ತಿದ್ದಿ.

1. ನನಗೆ ಸ್ವಲ್ಪ ಕೆಮ್ಮು ಇದೆ.
2. ಇದಕ್ಕಿಂತ ಸ್ವಲ್ಪ ಗಾಢ ಬಣ್ಣದ ಸೀರೆ ತೋರಿಸಿ.
3. ಚಟ್ನಿಗೆ ಉಪ್ಪು ಸ್ವಲ್ಪ ಜಾಸ್ತಿ ಆಯ್ತು.
4. ಸ್ವಲ್ಪ ಇಲ್ಲಿ ಸಹಿ ಹಾಕ್ತೀರಾ?
5. ರಾತ್ರಿ ಸ್ವಲ್ಪ ನಿದ್ದೆ ಮಾಡಿದೆ.
6. ಕನ್ನಡಿ ಸ್ವಲ್ಪ ಎಡಕ್ಕೆ ವಾಲಿದೆ.
7. ಆ ವಿಷಯ ನನಗೆ ಸ್ವಲ್ಪವೂ ಗೊತ್ತಿರಲಿಲ್ಲ.

ಉತ್ತರಗಳು: ಒಂದಕ್ಕೆ 'ಐ ಹ್ಯಾವ್ ಎ ಸ್ಲೈಟ್ ಕಾಫ್'. ಎರಡಕ್ಕೆ 'ಕುಡ್ ಯು ಶೋ ಮಿ ಎ ಸ್ಲೈಟ್ಲಿ ಡಾರ್ಕರ್ ಸ್ಯಾರಿ?', ಇಲ್ಲಿ 'ಎ' ಮುಂದಿದೆಯೇ ನೋಡಿಕೊಳ್ಳಿ. ಮೂರಕ್ಕೆ 'ದ ಚಟ್ನಿ ಈಸ್ ಸ್ಲೈಟ್ಲಿ ಟೂ ಸಾಲ್ಟಿ'. ನಾಲ್ಕಕ್ಕೆ 'ಕುಡ್ ಯು ಸೈನ್ ಹಿಯರ್, ಪ್ಲೀಸ್?', ಸ್ವಲ್ಪ ಎಂಬ ಪದ ಬರಲೇಬಾರದು. ಐದಕ್ಕೆ 'ಐ ಸ್ಲೆಪ್ಟ್ ಎ ಲಿಟಲ್ ಲಾಸ್ಟ್ ನೈಟ್'. ಇದರಲ್ಲಿ 'ಎ' ಬಿಟ್ಟು 'ಸ್ಲೆಪ್ಟ್ ಲಿಟಲ್' ಎಂದು ಬರೆದಿದ್ದರೆ ನಿದ್ದೆ ಅಷ್ಟಾಗಿ ಬರಲಿಲ್ಲ ಎಂದು ಹೇಳಿದಂತಾಯಿತು, ಎರಡನೇ ಹಂತಕ್ಕೆ ಹಿಂತಿರುಗಿ. ಆರಕ್ಕೆ 'ದ ಮಿರರ್ ಈಸ್ ಟಿಲ್ಟೆಡ್ ಸ್ಲೈಟ್ಲಿ ಟು ದ ಲೆಫ್ಟ್'. ಏಳಕ್ಕೆ 'ಐ ಡಿಡಂಟ್ ಹ್ಯಾವ್ ದ ಸ್ಲೈಟೆಸ್ಟ್ ಐಡಿಯಾ ಅಬೌಟ್ ಇಟ್'.

ಮೂರನೆಯದನ್ನು 'ಸ್ಲೈಟ್ಲಿ ಸಾಲ್ಟ್ ಮೋರ್' ಎಂದು ಬರೆದವರು ಕನ್ನಡದ 'ಉಪ್ಪು ಸ್ವಲ್ಪ ಜಾಸ್ತಿ'ಯನ್ನು ಪದಕ್ಕೆ ಪದ ಇಟ್ಟಿದ್ದಾರೆ. ಬಾಣವನ್ನು ಮತ್ತೆ ಎಳೆದು ನೋಡಿ: ಅಲ್ಲಿ ದೂರಿರುವುದು ಚಟ್ನಿಯ ರುಚಿಯ ಮೇಲೆ. ಹಾಗಾಗಿ ವಾಕ್ಯ ಚಟ್ನಿಯಿಂದ ಶುರುವಾಗಬೇಕು.